ಐದು ಪರ್ಸೆಂಟಿನ ಸೂರ್ಯ

ತೆರಿಗೆಯ ವಿಚಾರದಲ್ಲಿ ನನ್ನ ಕಣ್ಣಿಗೆ ಮಣ್ಣೆರಚುವವನು ಹುಣಸೂರು ತಾಲ್ಲೂಕಿನಲ್ಲಿ ಇನ್ನೂ ಹುಟ್ಟಿಲ್ಲ ಎಂದು ನಾನು ನಂಬಿದ್ದ ಕಾಲವೊಂದಿತ್ತು. ಬಹಳ ಹಿಂದೇನಲ್ಲ, ಮೊನ್ನೆ ಮೊನ್ನೆಯವರೆಗೂ ಇತ್ತು. ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ನನ್ನದು ಪಾತ್ರೆ ಅಂಗಡಿ. ಚಮಚದಿಂದ ಹಿಡಿದು ಮದುವೆ ಮನೆಯ ಕೊಪ್ಪರಿಗೆಯವರೆಗೆ ಯಾವುದಕ್ಕೆ ಎಷ್ಟು ಜಿ.ಎಸ್.ಟಿ. ಎಂದು ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಹೇಳಬಲ್ಲೆ. ಹೇಳಿಯೂ ಇದ್ದೇನೆ. ಒಮ್ಮೆ ನನ್ನ ಹೆಂಡತಿ ಉಷಾರಾಣಿ ನನ್ನನ್ನು ಅಲುಗಾಡಿಸಿ, "ಏನ್ರೀ ಅದು, ಹನ್ನೆರಡು ಹನ್ನೆರಡು ಅಂತ ಬಡಬಡಿಸ್ತಿದೀರಿ?" ಎಂದಾಗ, "ಅಲ್ಯುಮಿನಿಯಂ" ಎಂದಷ್ಟೇ ಹೇಳಿ ಮಗ್ಗುಲು ಬದಲಾಯಿಸಿದೆನಂತೆ.

ಇಂಥ ನಾನು ಮನೆಯ ಮೇಲೆ ಸೋಲಾರ್ ಹಾಕಿಸಲು ನಿರ್ಧರಿಸಿದೆ. ನಿಜ ಹೇಳಬೇಕೆಂದರೆ ನಿರ್ಧರಿಸಿದ್ದು ಉಷಾರಾಣಿ, ಊರಿಗೆಲ್ಲ ಘೋಷಿಸಿದ್ದು ನಾನು. ಅವಳು ಮನೆಯಲ್ಲೇ ದೋಸೆ ಹಿಟ್ಟು ರುಬ್ಬಿ ಮಾರುತ್ತಾಳೆ. ನಮ್ಮ ಬೀದಿಯಲ್ಲಿ ಶುರುವಾದ ವ್ಯಾಪಾರ ಈಗ ಅಕ್ಕಪಕ್ಕದ ಬಡಾವಣೆಗಳಿಗೂ ಹಬ್ಬಿದೆ. ನೆನೆಹಾಕಿದ ಉದ್ದು ಚೆನ್ನಾಗಿ ಉಬ್ಬಿ ಕೂತ ಹೊತ್ತಿಗೇ ಕರೆಂಟ್ ಹೋಗುವುದು, ಅವಳು ಗ್ರೈಂಡರಿನ ಮುಂದೆ ಸೊಂಟಕ್ಕೆ ಕೈ ಕೊಟ್ಟು ನಿಲ್ಲುವುದು ನಮ್ಮ ಮನೆಯ ನಿತ್ಯದ ದೃಶ್ಯ.

"ಸೋಲಾರು, ಬ್ಯಾಟರಿ ಎರಡನ್ನೂ ಒಟ್ಟಿಗೇ ಹಾಕಿಸ್ಬುಡಿ ಕಣ್ರೀ," ಎಂದಳು ಉಷಾರಾಣಿ. "ನನ್ನ ಹಿಟ್ಟಿನ ದುಡ್ಡು ಕೂಡಿಟ್ಟಿದೀನಿ, ಕೊಡ್ತೀನಿ."

ಸೋಲಾರ್ ಅಂಗಡಿಯ ರುದ್ರಸ್ವಾಮಿ ನನ್ನ ಜೊತೆ ಹೈಸ್ಕೂಲಿನಲ್ಲಿ ಓದಿದವನು. ಗೌರಿ ಹಬ್ಬ ಕಳೆದ ಕೂಡಲೇ ಬಂದು ತಾರಸಿ ಅಳೆದು, ದಕ್ಷಿಣಕ್ಕೆ ಮುಖ ಮಾಡಿ ನಿಂತು, ಎರಡು ಲೋಟ ಕಾಫಿ ಕುಡಿದು, "ನಾಳಿದ್ದೇ ಸಾಮಾನು ಇಳಿಸ್ತೀನಿ ಕಣ್ಲಾ ಕಾಂತ," ಎಂದು ಹೋದ. ಅಷ್ಟರಲ್ಲಿ ಬಂತು ಸುದ್ದಿ. ನವರಾತ್ರಿಯ ಮೊದಲ ದಿನದಿಂದ ಸೋಲಾರಿಗೆ ತೆರಿಗೆ ಹನ್ನೆರಡು ಹೋಗಿ ಐದು! ಜೊತೆಗೆ ಪಾತ್ರೆಗೂ ಐದು. ಸುದ್ದಿ ಬಂದ ಮಾರನೆಯ ದಿನದಿಂದ ನನ್ನ ಅಂಗಡಿಯಲ್ಲಿ ಒಬ್ಬನೂ ಏನೂ ಕೊಳ್ಳಲಿಲ್ಲ. ಲೋಟ ಕೊಳ್ಳಲು ಬಂದವರೂ, "ನವರಾತ್ರಿ ಬರ್ಲಿ ಬುಡಿ ಅಣ್ಣ," ಎಂದು ಕೈಯಲ್ಲಿದ್ದ ಲೋಟ ಕೆಳಗಿಟ್ಟು ಹೋದರು. ಬೈದುಕೊಂಡೆ. ಬೈಯುತ್ತಲೇ ರುದ್ರಸ್ವಾಮಿಗೆ ಫೋನ್ ಮಾಡಿದೆ.

"ನವರಾತ್ರಿ ಬರ್ಲಿ ಬುಡ್ಲಾ," ಎಂದೆ.

ಉಷಾರಾಣಿಗೆ ಸಿಟ್ಟು ಬಂತು. "ಅಲ್ಲೀವರೆಗೂ ಕರೆಂಟ್ ಹೋದ್ರೆ ನೀವು ಬಂದು ತಿರುಗಿಸ್ತೀರಾ ಗ್ರೈಂಡರ್ನ?" ಎಂದಳು. ಆಗ ನನ್ನ ನೆರವಿಗೆ ಬಂದವರು ನಮ್ಮ ಜೊತೆಗೇ ಇರುವ ನನ್ನ ಅತ್ತೆ ಗುರುಶಾಂತಮ್ಮ. ಅವರು ಸಾಲಿಗ್ರಾಮದ ಕಡೆಯವರು, ಮಾತು ಕಡಿಮೆ.

"ಪಿತೃಪಕ್ಷ ಬತ್ತಾ ಅದೆ. ಪಕ್ಷದಲ್ಲಿ ಹೊಸ ಸಾಮಾನು ಹೊಸಿಲು ದಾಟಬಾರ್ದು. ಅಳಿಯಂದ್ರು ಹೇಳೋದೇ ಸರಿ," ಎಂದರು.

ಮದುವೆಯಾದ ಮೇಲೆ ಅವರ ಬಾಯಲ್ಲಿ ಆ ವಾಕ್ಯ ಕೇಳಿದ್ದು ಅದೇ ಮೊದಲು. ದೆಹಲಿಯ ಸರ್ಕಾರ, ನಮ್ಮ ಪಿತೃಗಳು ಮತ್ತು ನನ್ನ ಅತ್ತೆ, ಮೂವರೂ ಸೇರಿ ನನ್ನ ಬೆನ್ನಿಗೆ ನಿಂತ ಮೇಲೆ ಉಷಾರಾಣಿ ಒಬ್ಬಳೇ ಏನು ಮಾಡಿಯಾಳು? ಅಮಾವಾಸ್ಯೆ ಕಳೆದು ನವರಾತ್ರಿಯ ಮೊದಲ ದಿನ ಬೆಳಗ್ಗೆ, ರುದ್ರಸ್ವಾಮಿ ಅಂಗಡಿಯ ಬಾಗಿಲಿಗೆ ನೀರು ಹಾಕುವ ಮೊದಲೇ ನಾನು ಅಲ್ಲಿ ಹಾಜರಿದ್ದೆ.

"ಐದು," ಎಂದೆ.

"ಕೂತ್ಕೋ ಮೊದಲು," ಎಂದ ರುದ್ರಸ್ವಾಮಿ. "ಪೂರ್ತಿ ಐದಲ್ಲ ಕಣ್ಲಾ. ಸಾಮಾನೂ ಕೊಟ್ಟು ನಾವೇ ಫಿಟ್ಟಿಂಗೂ ಮಾಡಿದ್ರೆ, ನೂರರಲ್ಲಿ ಎಪ್ಪತ್ತು ಭಾಗಕ್ಕೆ ಐದು. ಮಿಕ್ಕ ಮೂವತ್ತು ಕೆಲಸದ ಬಾಬ್ತು, ಅದಕ್ಕೆ ಹದಿನೆಂಟು."

"ಹದಿನೆಂಟಾ? ಹಂಗಾದ್ರೆ ಫಿಟ್ಟಿಂಗ್ ನಾನೇ ಮಾಡ್ಕೋತೀನಿ."

"ನೀನು ಏಣಿ ಹತ್ತಿದ್ರೆ ಕೆಳಗೆ ಏಣಿ ಹಿಡಿಯೋಕೆ ನಾಲ್ಕು ಜನ, ಬಿದ್ರೆ ಎತ್ತೋಕೆ ನಾಲ್ಕು ಜನ ಬೇಕು. ಅವರ ಕೂಲಿ ಇದಕ್ಕಿಂತ ಜಾಸ್ತಿ ಆಗ್ತದೆ."

ಆ ಮೂವತ್ತು ಭಾಗವನ್ನು ನಾನು ದೊಡ್ಡ ಮನಸ್ಸು ಮಾಡಿ ಬಿಟ್ಟುಕೊಟ್ಟೆ. ಆದರೆ ಅವನು ಮುಂದಿನ ಮಾತು ತೆಗೆದ.

"ಬ್ಯಾಟರಿನೂ ಇದೇ ಬಿಲ್ಲಲ್ಲಿ ಸೆಟ್ಟಾಗಿ ತಗೊಂಡ್ಬುಡು. ಸೆಟ್ಟಿನ ಜೊತೆ ಹೋದ್ರೆ ಅದೂ ಸೋಲಾರ್ ಲೆಕ್ಕಕ್ಕೇ ಬತ್ತದೆ ಅಂತಾರೆ ನಮ್ಮ ಆಡಿಟರು. ಆಮೇಲೆ ಬರೀ ಬ್ಯಾಟರಿ ಕೇಳ್ಕೊಂಡು ಬಂದ್ರೆ ಪೂರ್ತಿ ಹದಿನೆಂಟು."

ಬೇರೆ ಯಾರಾದರೂ ಆಗಿದ್ದರೆ ಅಲ್ಲೇ ಹೂಂ ಎನ್ನುತ್ತಿದ್ದರು. ನಾನು ಬೇರೆ ಯಾರೋ ಅಲ್ಲವಲ್ಲ. ಕಾಲ ಮೇಲೆ ಕಾಲು ಹಾಕಿ ನಕ್ಕೆ.

"ರುದ್ರ, ನೀನು ವ್ಯಾಪಾರಿ, ನಿನಗೆ ಇವತ್ತಿನದು ಮಾತ್ರ ಕಾಣ್ತದೆ. ಪ್ಯಾನಲ್ಲಿಗೆ ಇಳಿಸಿದೋರು ಬರೀ ಬ್ಯಾಟರಿಗೂ ಇಳಿಸ್ದೆ ಬುಡ್ತಾರಾ? ಮುಂದಿನ ಮೀಟಿಂಗಲ್ಲಿ ಅದೂ ಐದಾಗ್ತದೆ. ಅಲ್ಲೀವರೆಗೂ ಕಾಯ್ತೀನಿ."

"ಅಲ್ಲ ಕಣ್ಲಾ, ಬ್ಯಾಟರಿ ಇಲ್ದಿದ್ರೆ ಕರೆಂಟ್ ಹೋದಾಗ..."

"ಕರೆಂಟ್ ಹೋಗೋದು ಯಾವಾಗ? ಹಗಲೊತ್ತು. ಹಗಲೊತ್ತು ಸೂರ್ಯ ಎಲ್ಲಿರ್ತಾನೆ? ನಮ್ಮ ತಾರಸಿ ಮೇಲೆ. ಸೂರ್ಯ ಖುದ್ದಾಗಿ ಬಂದು ನಿಂತಿರೋವಾಗ ಅವನ ಸಾಮಾನು ತುಂಬಿಡೋಕೆ ಡಬ್ಬ ಯಾಕ್ಲಾ?"

ರುದ್ರಸ್ವಾಮಿ ಮತ್ತೆ ಬಾಯಿ ತೆರೆದ. ನಾನು ಜಿ.ಎಸ್.ಟಿ. ಮಂಡಳಿ ಹೇಗೆ ಯೋಚಿಸುತ್ತದೆ ಎಂಬುದರ ಬಗ್ಗೆ ಅವನಿಗೆ ಒಂದು ಸಣ್ಣ ಉಪನ್ಯಾಸ ಕೊಟ್ಟೆ. ಅರ್ಧಕ್ಕೇ ಅವನು ಬಾಯಿ ಮುಚ್ಚಿ ಬಿಲ್ ಬರೆಯತೊಡಗಿದ. ಅವನಿಗೆ ಅರ್ಥವಾಯಿತು ಎಂದುಕೊಂಡೆ. ಸಾಕಾಗಿತ್ತು ಎಂಬುದು ಈಗ ಗೊತ್ತಾಗಿದೆ.

ಪ್ಯಾನಲ್ ಬಂತು, ಇನ್ವರ್ಟರ್ ಬಂತು, ಕರೆಂಟಿನವರು ಬಂದು ಹೊಸ ಮೀಟರನ್ನೂ ಕೂರಿಸಿದರು. ನಮ್ಮ ತಾರಸಿಯ ಕರೆಂಟು ಕಂಬ ಹತ್ತಿ ಊರಿಗೆ ಹೋಗುವುದನ್ನು ನೋಡಿ ನನ್ನ ಎದೆ ಉಬ್ಬಿತು. ಅಂಗಡಿಗೆ ಬಂದವರಿಗೆ ಪಾತ್ರೆಗಿಂತ ಮೊದಲು ಸೂರ್ಯನ ವಿಚಾರ ಹೇಳುತ್ತಿದ್ದೆ. ಪಕ್ಕದ ಮನೆಯ ಹೊಗೆಸೊಪ್ಪಿನ ಬೆಳೆಗಾರ ಶಿವನಂಜಪ್ಪನವರನ್ನು ಕಾಂಪೌಂಡಿನ ಈಚೆಯಿಂದಲೇ ಹಿಡಿದು ನಿಲ್ಲಿಸಿ, "ಹನ್ನೆರಡು ಕೊಟ್ಟು ಹಾಕಿಸ್ಕೊಂಡೋರು ಪೆದ್ರು, ಹದಿನೆಂಟು ಕೊಟ್ಟು ಬ್ಯಾಟರಿ ತಗೊಳ್ಳೋರು ಇನ್ನೂ ಪೆದ್ರು," ಎಂದು ವಿವರಿಸುತ್ತಿದ್ದೆ. ಅವರು ನಿಧಾನಸ್ಥರು. "ಅಂಗಾ," ಎನ್ನುತ್ತಿದ್ದರು.

ಉಷಾರಾಣಿ ಮಾತ್ರ ಒಂದೆರಡು ಸಲ ಕೇಳಿದಳು. "ಬ್ಯಾಟರಿ ಇಲ್ದೆ ನಡೀತದೇನ್ರೀ? ಕರೆಂಟ್ ಹೋದಾಗ ಗ್ರೈಂಡರ್ ಓಡ್ತದಾ?"

"ಓಡ್ತದೆ ಅಲ್ಲ, ಹಾರ್ತದೆ," ಎಂದಿದ್ದೆ.

ಪರೀಕ್ಷೆ ಮಾಡಿ ನೋಡುವ ಅವಕಾಶವೇ ಬರಲಿಲ್ಲ. ಹಬ್ಬದ ಸಾಲು ಮುಗಿಯುವವರೆಗೆ ನಮ್ಮ ಬೀದಿಯಲ್ಲಿ ಹಗಲು ಕರೆಂಟ್ ಹೋಗಲೇ ಇಲ್ಲ. ರಾತ್ರಿ ಹೋಗುತ್ತಿತ್ತು, ಆಗ ಸೂರ್ಯನಿಗೆ ರಜೆ ಎಂದು ನಾನೇ ಸಮಜಾಯಿಷಿ ಕೊಡುತ್ತಿದ್ದೆ.

ಹೀಗಿರುವಾಗ ಉಷಾರಾಣಿಯ ಬದುಕಿನಲ್ಲಿ ಒಂದು ದೊಡ್ಡ ಅವಕಾಶ ಬಂತು. ಮೈಸೂರು ರಸ್ತೆಯ ಬಿಳಿಕೆರೆಯಲ್ಲಿ ಮರಿಯಯ್ಯ ಎಂಬವರು ಹೊಸ ಹೋಟೆಲ್ ತೆರೆಯುವವರಿದ್ದರು. ಕಾರ್ತಿಕ ಸೋಮವಾರ ಪೂಜೆ. ಯಾರದೋ ಮನೆಯಲ್ಲಿ ಉಷಾರಾಣಿಯ ಹಿಟ್ಟಿನ ದೋಸೆ ತಿಂದವರು ಹುಡುಕಿಕೊಂಡು ಮನೆಗೇ ಬಂದರು.

"ಪೂಜೆ ದಿನದ ಹಿಟ್ಟು ನಿಮ್ದೇ ಇರ್ಲಿ ಅವ್ವಾ. ಜನ ಒಪ್ಕೊಂಡ್ರೆ ದಿನಾ ನಿಮ್ಮತ್ರಲೇ ತಗೋತೀನಿ. ಇಲ್ದಿದ್ರೆ ಮೈಸೂರಿನ ಫ್ಯಾಕ್ಟರಿ ಹಿಟ್ಟಿಗೆ ಮಾತಾಡಿದೀನಿ, ಅದನ್ನೇ ತರಿಸ್ತೀನಿ. ಟೈಮಿಗೆ ಮಾತ್ರ ತಪ್ಪಿಸ್ಬ್ಯಾಡಿ," ಎಂದರು.

ಆ ದಿನ ಅವಳ ಮುಖ ನೋಡಬೇಕಿತ್ತು. ಲೋಟದ ಲೆಕ್ಕದಲ್ಲಿ ಹಿಟ್ಟು ಮಾರುತ್ತಿದ್ದವಳು, ಬೆಳಗ್ಗೆ ಆಟೋದಲ್ಲಿ ತನ್ನ ಡಬ್ಬಗಳು ಬಿಳಿಕೆರೆಗೆ ಹೋಗುವುದನ್ನು ಆಗಲೇ ಕಣ್ಣಲ್ಲಿ ನೋಡುತ್ತಿದ್ದಳು. ಎರಡು ದಿನ ಅಕ್ಕಿ ಆರಿಸುತ್ತ ಹಾಡಿಕೊಂಡಳು. ನನಗೂ ಸಂತೋಷವಾಗಿತ್ತು, ಸುಳ್ಳು ಯಾಕೆ ಹೇಳಲಿ.

ಶನಿವಾರ ಪತ್ರಿಕೆಯಲ್ಲಿ ಬಂತು: ಭಾನುವಾರ ಬೆಳಗ್ಗೆಯಿಂದ ಸಂಜೆಯವರೆಗೆ ಲೈನಿನ ಕೆಲಸ, ಹುಣಸೂರು ಮತ್ತು ಪಿರಿಯಾಪಟ್ಟಣದ ಕಡೆ ಕರೆಂಟ್ ಇರುವುದಿಲ್ಲ. ಸೋಮವಾರದ ದೋಸೆಗೆ ಹಿಟ್ಟು ಹುಳಿಬರಬೇಕಾದರೆ ಭಾನುವಾರ ಹಗಲೇ ರುಬ್ಬಬೇಕು. ಉಷಾರಾಣಿ ತಕ್ಷಣ, "ಕೆ.ಆರ್. ನಗರದ ಅಕ್ಕನ ಮನೆಗೆ ಇವತ್ತೇ ಎರಡೂ ಗ್ರೈಂಡರ್ ಸಾಗಿಸ್ಬುಡಾಣ, ಅಲ್ಲೇ ರುಬ್ಕೊಂಡು ಬತ್ತೀನಿ," ಎಂದಳು.

ನನಗೆ ಅವಮಾನವಾಯಿತು. ತಲೆಯ ಮೇಲೆ ಸೂರ್ಯನನ್ನು ಕಟ್ಟಿಹಾಕಿಕೊಂಡ ಮನೆಯ ಯಜಮಾನಿ ಗ್ರೈಂಡರ್ ಹೊತ್ತುಕೊಂಡು ಕೆ.ಆರ್. ನಗರಕ್ಕೆ ಹೋಗುವುದೇ?

"ಶಟ್‌ಡೌನ್ ಇರೋದು ಊರಿಗೆ, ನಮಗಲ್ಲ. ನೀನು ಸುಮ್ನೆ ಅಕ್ಕಿ ನೆನೆಹಾಕು," ಎಂದೆ. ಅಷ್ಟಕ್ಕೇ ನಿಲ್ಲಲಿಲ್ಲ. ಕಾಂಪೌಂಡಿನ ಹತ್ತಿರ ಹೋಗಿ, "ಶಿವನಂಜಪ್ನೋರೇ, ನಾಳೆ ಫೋನು ಚಾರ್ಜು, ಮಿಕ್ಸಿ, ಏನಿದ್ರೂ ನಮ್ಮನೆಗೆ ತನ್ನಿ. ಬೀದಿಯೋರಿಗೂ ಹೇಳಿ," ಎಂದೆ.

"ಅಂಗಾ," ಎಂದರು ಶಿವನಂಜಪ್ಪನವರು.

ಭಾನುವಾರ ಬೆಳಗ್ಗೆ ಬಿಸಿಲು ಚುರುಗುಟ್ಟುತ್ತಿತ್ತು. ಮೋಡದ ಚೂರೂ ಇಲ್ಲ. ಹಾಲ್‌ನಲ್ಲಿ ಎರಡು ದೊಡ್ಡ ಪಾತ್ರೆ ಅಕ್ಕಿ, ಒಂದು ಪಾತ್ರೆ ಉದ್ದು ನೆನೆದು ಕೂತಿದ್ದವು. ಹೇಳಿದ ಹೊತ್ತಿಗೆ ಸರಿಯಾಗಿ ಕರೆಂಟ್ ಹೋಯಿತು. ಜಗಲಿಯಲ್ಲಿ ಆಗಲೇ ಜನ ಸೇರಿದ್ದರು: ಶಿವನಂಜಪ್ಪನವರು ಚಾರ್ಜರ್ ಹಿಡಿದು, ಎದುರು ಮನೆಯ ಚಿಕ್ಕಬಸಮ್ಮ ಕಾಯಿ ತುಂಬಿದ ಮಿಕ್ಸಿ ಜಾರ್ ಹಿಡಿದು, ಮೂಲೆ ಮನೆಯವರು ಇಸ್ತ್ರಿಪೆಟ್ಟಿಗೆಯ ಜೊತೆ ಮದುವೆಗೆ ಉಡುವ ಸೀರೆಯನ್ನೂ ಹಿಡಿದು. ನಾನು ರಂಗದ ಮೇಲೆ ಬರುವವನಂತೆ ಹೆಗಲ ಟವಲ್ ಸರಿಮಾಡಿಕೊಂಡು, "ಈಗ ನೋಡಿ," ಎಂದು ಗ್ರೈಂಡರಿನ ಸ್ವಿಚ್ ಒತ್ತಿದೆ.

ಗ್ರೈಂಡರ್ ಸುಮ್ಮನಿತ್ತು.

ಇನ್ನೊಂದರ ಸ್ವಿಚ್ ಒತ್ತಿದೆ. ಅದೂ ಸುಮ್ಮನಿತ್ತು. ಫ್ಯೂಸ್ ನೋಡಿದೆ. ತಾರಸಿಗೆ ಓಡಿದೆ. ಪ್ಯಾನಲ್ಲುಗಳು ಫಳಫಳ ಹೊಳೆಯುತ್ತಿದ್ದವು. ಧೂಳಿರಬಹುದೆಂದು ಟವಲಿನಿಂದ ಒರೆಸಿದೆ, ಕೈ ಸುಟ್ಟುಕೊಂಡೆ. ಕೆಳಗಿಳಿದು ಬಂದು ಮತ್ತೆ ಸ್ವಿಚ್ ಒತ್ತಿದೆ. ಚಿಕ್ಕಬಸಮ್ಮ, "ಮೊದ್ಲು ನನ್ನ ಮಿಕ್ಸಿ ನೋಡಿ ಕಾಂತಣ್ಣ, ಅದು ಚಿಕ್ದು, ತಿರುಗಬೋದು," ಎಂದರು.

ರುದ್ರಸ್ವಾಮಿಗೆ ಫೋನ್ ಹಚ್ಚಿದೆ. ಆ ಕಡೆಯಿಂದ ಮೊದಲು ಕೇಳಿಸಿದ್ದು ವಾಲಗದ ಸದ್ದು.

"ಎಚ್.ಡಿ. ಕೋಟೆಲಿ ಮದುವೇಲಿದೀನಿ ಕಣ್ಲಾ, ಜೋರಾಗಿ ಹೇಳು!"

"ನೀನು ಕೊಟ್ಟಿರೋ ಸೋಲಾರ್ ಕೆಟ್ಟೋಗದೆ! ಬಿಸಿಲು ಸುಡ್ತಾ ಅದೆ, ಒಂದು ಬಲ್ಬೂ ಹತ್ತಲ್ಲ!"

"ಕೆಟ್ಟಿಲ್ಲ ಕಣ್ಲಾ. ಲೈನಲ್ಲಿ ಕರೆಂಟ್ ಹೋದ್ರೆ ಅದೂ ತಾನಾಗೇ ಆಫ್ ಆಗ್ತದೆ. ಕಂಬದ ಮೇಲೆ ಕೆಲಸ ಮಾಡೋನಿಗೆ ನಿನ್ನ ಮನೆ ಕರೆಂಟ್ ಹೊಡೀಬಾರ್ದಲ್ಲ. ಬ್ಯಾಟರಿ ಇರೋ ಸೆಟ್ಟಾಗಿದ್ರೆ ಮನೆಗೆ ಮಾತ್ರ ಓಡೋದು. ಅದನ್ನೇ ಅವತ್ತು ಹೇಳೋಕೆ ಬಂದೆ. ನೀನು ನನಗೆ ಮಂಡಳಿ ವಿಚಾರ ಪಾಠ ಮಾಡ್ತಾ ಇದ್ದೆ."

"ಈಗಲೇ ಒಂದು ಬ್ಯಾಟರಿ ಕಳಿಸು."

"ಅಂಗಡಿಗೆ ಬೀಗ ಹಾಕೀನಿ. ಅಲ್ದೆ ಆ ಇನ್ವರ್ಟರಿಗೆ ಬ್ಯಾಟರಿ ಕೂರಲ್ಲ, ಅದನ್ನೂ ಬದಲಾಯಿಸ್ಬೇಕು. ಈಗ ಬರೀ ಬ್ಯಾಟರಿ ಅಂದ್ರೆ ಪೂರ್ತಿ ಹದಿನೆಂಟು, ನೆನಪಿರ್ಲಿ. ಊಟಕ್ಕೆ ಕರೀತಾವ್ರೆ, ಇಡ್ತೀನಿ."

ಉಷಾರಾಣಿ ಕೆ.ಆರ್. ನಗರದ ಅಕ್ಕನಿಗೆ ಫೋನ್ ಮಾಡಿದಳು. ಅವಳೂ ಅದೇ ಎಚ್.ಡಿ. ಕೋಟೆಯ ಮದುವೆಯಲ್ಲಿ ಇದ್ದಳು, ಮನೆಗೆ ಬೀಗ. ಪೇಟೆಯ ಹಿಟ್ಟಿನ ಗಿರಣಿಗಳೆಲ್ಲ ನಮ್ಮದೇ ಲೈನಿನವು. ಜಗಲಿಯ ಜನ ಒಬ್ಬೊಬ್ಬರಾಗಿ ಮೆಲ್ಲಗೆ ಎದ್ದರು. ಇಸ್ತ್ರಿಯವರು ಹೋಗುವಾಗ ಸೀರೆಯನ್ನು ನನ್ನ ಕಡೆಗೊಮ್ಮೆ ಹಿಡಿದು ತೋರಿಸಿ ಹೋದರು.

ಉಷಾರಾಣಿ ಬೈಯುತ್ತಾಳೆ ಎಂದು ಕಾದೆ. ಬೈಯಲಿಲ್ಲ. ಉದ್ದಿನ ಪಾತ್ರೆಯ ಮುಂದೆ ಕೂತು, ನೀರಿನಲ್ಲಿ ಕೈಯಾಡಿಸುತ್ತ, "ಮರಿಯಯ್ನೋರಿಗೆ ಫೋನ್ ಮಾಡ್ಬುಡಿ. ಆಗಲ್ಲ ಅಂತ ಹೇಳ್ಬುಡಿ. ಅವರಾದ್ರೂ ಬೇರೆ ಕಡೆ ನೋಡ್ಕೊಳ್ಲಿ," ಎಂದಳು. ದನಿ ಒಡೆದಿತ್ತು. ನನಗೆ ಶೇಕಡಾವಾರು ಎಲ್ಲ ಮರೆತುಹೋಯಿತು. ಫೋನ್ ತೆಗೆದು ಮರಿಯಯ್ಯನವರ ನಂಬರ್ ಹುಡುಕತೊಡಗಿದೆ.

ಆಗ ಗುರುಶಾಂತಮ್ಮನವರು ಹಿತ್ತಿಲ ಬಾಗಿಲು ತೆಗೆದರು.

"ಅಳಿಯಂದ್ರೇ, ಬನ್ನಿ ಇಲ್ಲಿ. ಆ ಮೂಲೇಲಿ ಒಂದು ಮಿಷನ್ ಅದೆ. ಅದು ಯಾವ ಲೈನಿಗೂ ಸೇರಿಲ್ಲ."

ಹಿತ್ತಿಲ ಮೂಲೆಯಲ್ಲಿದ್ದದ್ದು ಒರಳು ಕಲ್ಲು. ಉಷಾರಾಣಿಯ ಜೊತೆಯಲ್ಲೇ ತವರಿನಿಂದ ಬಂದದ್ದು. ಗ್ರೈಂಡರ್ ಬಂದ ಮೇಲೆ ಅದರಲ್ಲಿ ಮಳೆನೀರು ನಿಂತು ಗುಬ್ಬಚ್ಚಿಗಳು ಸ್ನಾನ ಮಾಡುತ್ತಿದ್ದವು. ಹುಣಸೆಹಣ್ಣು, ಬೂದಿ, ಬಿಸಿನೀರು ಹಾಕಿ ಅತ್ತೆಯವರು ತಿಕ್ಕಿಸಿದರು. ತಿಕ್ಕಿದವನು ನಾನು. ಉಷಾರಾಣಿ ಸೆರಗು ಸಿಕ್ಕಿಸಿಕೊಂಡು ಕೂರಲು ಬಂದಳು.

"ಏಳು. ತಪ್ಪು ನಂದು, ನಾನೇ ರುಬ್ತೀನಿ," ಎಂದೆ.

"ನಿಮಗೆ ಬರಲ್ಲ ಕಣ್ರೀ."

"ಗುಂಡು ತಿರುಗಿಸೋದ್ರಲ್ಲಿ ಬರೋದು ಬರದೇ ಇರೋದು ಏನದೆ?"

ಏನಿದೆ ಎಂದು ಹತ್ತು ಸುತ್ತಿಗೇ ಗೊತ್ತಾಯಿತು. ಆ ಗುಂಡು ನಾನು ಎಳೆದ ಕಡೆ ಬರುವುದಿಲ್ಲ, ಅದು ಹೋದ ಕಡೆ ನಾನು ಹೋಗಬೇಕು. ಬಲಗೈ ತಿರುಗಿಸಬೇಕು, ಎಡಗೈ ಅಂಚಿಗೆ ಹತ್ತಿದ ಉದ್ದನ್ನು ಒಳಕ್ಕೆ ತಳ್ಳಬೇಕು, ಎರಡೂ ಒಂದಕ್ಕೊಂದು ಸಿಗಬಾರದು. ನನ್ನವು ಸಿಗುತ್ತಲೇ ಇದ್ದವು. ಅತ್ತೆಯವರು ಪಕ್ಕದಲ್ಲಿ ಮಣೆ ಹಾಕಿಕೊಂಡು ಕೂತು, ಅಷ್ಟಷ್ಟೇ ನೀರು ಚಿಮುಕಿಸುತ್ತ, "ಉದ್ದು ಬೆಣ್ಣೆ ಆಗ್ಬೇಕು. ಇನ್ನೂ ಆಗಿಲ್ಲ. ನಿಲ್ಲಿಸ್ಬ್ಯಾಡಿ," ಎನ್ನುತ್ತಿದ್ದರು. ಶಿವನಂಜಪ್ಪನವರು ಚಾರ್ಜಾಗದ ಫೋನ್ ಹಿಡಿದು ಕಾಂಪೌಂಡಿನ ಮೇಲೆ ಮೊಣಕೈ ಊರಿ ನಿಂತರು.

"ಇದಕ್ಕೆಷ್ಟು ಟ್ಯಾಕ್ಸು ಕಾಂತರಾಜು?" ಎಂದರು ಸ್ವಲ್ಪ ಹೊತ್ತಿನ ಮೇಲೆ.

ನಾನು ಗುಂಡು ತಿರುಗಿಸಿದೆ. ಊಟ ಒರಳಿನ ಪಕ್ಕದಲ್ಲೇ ಆಯಿತು, ತುತ್ತು ಕೊಟ್ಟವಳು ಉಷಾರಾಣಿ. ಉದ್ದು ಮುಗಿದು ಅಕ್ಕಿ ಶುರುವಾಯಿತು. ಅಂಗೈಯಲ್ಲಿ ಬೊಬ್ಬೆ ಎದ್ದಿತು, ಭುಜ ನನ್ನದಲ್ಲ ಎನಿಸತೊಡಗಿತು. ನಾನು ಸುಸ್ತಾದಾಗ ಉಷಾರಾಣಿ ಕೂರುತ್ತಿದ್ದಳು, ಅವಳು ಸುಸ್ತಾಗುವ ಮೊದಲೇ ಅತ್ತೆಯವರು ನನ್ನನ್ನು ಎಬ್ಬಿಸುತ್ತಿದ್ದರು. ತಲೆಯ ಮೇಲೆ ಇಡೀ ದಿನ ಐದು ಪರ್ಸೆಂಟಿನ ಸೂರ್ಯ ಧಗಧಗ ಉರಿಯುತ್ತಿದ್ದ. ಕೊನೆಯ ಹಿಡಿ ಅಕ್ಕಿ ನುರಿದು, ಹಿಟ್ಟನ್ನೆಲ್ಲ ಬಳಿದು ಡಬ್ಬಕ್ಕೆ ಸುರಿದು, ನಾನು ಬೆನ್ನು ನೇರ ಮಾಡಿದಾಗ ಅಡುಗೆಮನೆಯಲ್ಲಿ, ಸ್ವಿಚ್ ಆರಿಸಲು ಮರೆತಿದ್ದ ಗ್ರೈಂಡರುಗಳೆರಡೂ ಗರ್ರೆಂದು ಖಾಲಿ ತಿರುಗತೊಡಗಿದವು. ಕರೆಂಟ್ ಬಂದಿತ್ತು.

ಸೋಮವಾರ ಬೆಳಗಿನ ಜಾವ ಹುಳಿಬಂದ ಹಿಟ್ಟು ಡಬ್ಬಗಳಲ್ಲಿ ಉಬ್ಬಿ ನಿಂತಿತ್ತು. ಆಟೋ ಬಿಳಿಕೆರೆಗೆ ಹೋಯಿತು. ಉಷಾರಾಣಿ ಇಡೀ ದಿನ ಫೋನನ್ನೇ ನೋಡುತ್ತ ಕೂತಳು. ಫೋನ್ ಬರಲಿಲ್ಲ, ಸಂಜೆ ಮರಿಯಯ್ಯನವರೇ ಬಂದರು. ಕೈಯಲ್ಲಿ ಬಾಳೆಹಣ್ಣು, ಸಿಹಿ ಪೊಟ್ಟಣ.

"ಅವ್ವಾ, ಜನ ಎರಡನೇ ದೋಸೆ ಕೇಳಿ ಕೇಳಿ ತಿಂದ್ರು. ಮಧ್ಯಾಹ್ನಕ್ಕೇ ಹಿಟ್ಟು ಖಾಲಿ," ಎಂದರು. ಉಷಾರಾಣಿಯ ಕಣ್ಣು ತುಂಬಿತು. ನನಗೆ ಎಷ್ಟು ನಿರಾಳವಾಯಿತೆಂದರೆ ಹಳೆಯ ಚಾಳಿ ಮರುಕಳಿಸಿತು. "ಬನ್ನಿ ಸಾರ್, ತಾರಸಿ ಮೇಲೆ ನಮ್ಮ ಸೋಲಾರ್ ತೋರಿಸ್ತೀನಿ. ನವರಾತ್ರಿ ಮೊದಲ್ನೇ ದಿನ ಐದು ಪರ್ಸೆಂಟಿಗೆ..." ಎಂದು ಶುರುಮಾಡಿದೆ.

ಮರಿಯಯ್ಯ ನನ್ನ ಕಡೆ ತಿರುಗಲೂ ಇಲ್ಲ. "ಇದು ಗ್ರೈಂಡರ್ ಹಿಟ್ಟಲ್ಲ ಅವ್ವಾ. ನಾಲಿಗೆಗೆ ಗೊತ್ತಾಗ್ತದೆ, ಒರಳಲ್ಲಿ ರುಬ್ಬಿರೋದು. ಯಾರು ರುಬ್ಬಿದ್ದು?"

"ನಮ್ಮನೆಯೋರೇ," ಎಂದಳು ಉಷಾರಾಣಿ, ಹೆಮ್ಮೆಯಿಂದ.

ಆಗ ತಿರುಗಿದರು. ನನ್ನ ಬೊಬ್ಬೆ ಎದ್ದ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. "ದೇವ್ರ ಕೈ ಸ್ವಾಮಿ. ಮಿಷನ್ ಹಿಟ್ಟು ಎಲ್ಲಾ ಕಡೆ ಸಿಕ್ತದೆ. ನನಗೆ ದಿನಾ ಇದೇ ಬೇಕು. 'ಒರಳುಕಲ್ಲಿನ ದೋಸೆ' ಅಂತ ಬೋರ್ಡ್ ಬರೆಯೋಕೂ ಕೊಟ್ಬುಟ್ಟು ಬಂದೀನಿ."

ನಾನು ಉಷಾರಾಣಿಯ ಕಡೆ ನೋಡಿದೆ. ಆಗಲ್ಲ ಎನ್ನು ಎಂದು ಕಣ್ಣಿನಲ್ಲೇ ಅಂಗಲಾಚಿದೆ. ಅವಳು ಸೆರಗಿನಲ್ಲಿ ಕಣ್ಣೊರೆಸಿಕೊಂಡು, "ಆಗ್ತದೆ ಬುಡಿ," ಎಂದಳು. ಮರಿಯಯ್ಯ ಅಲ್ಲೇ ಮುಂಗಡ ಎಣಿಸಿ ಅವಳ ಕೈಗೆ ಕೊಟ್ಟರು.

ಅಂದಿನಿಂದ ಅಂಗಡಿಯನ್ನು ಮಧ್ಯಾಹ್ನದ ಮೇಲೆ ತೆರೆಯುತ್ತಿದ್ದೇನೆ. ವಾರ ಕಳೆದ ಮೇಲೆ ಒಂದು ಬೆಳಗ್ಗೆ ರುದ್ರಸ್ವಾಮಿಯ ಗಾಡಿ ಮನೆ ಮುಂದೆ ನಿಂತಿತು. ಅದರಿಂದ ಹೊಸ ಇನ್ವರ್ಟರ್ ಇಳಿಯಿತು, ಹಿಂದೆಯೇ ಬ್ಯಾಟರಿ ಇಳಿಯಿತು.

"ಯಾರು ಹೇಳಿದ್ದು?"

"ನಾನೇ. ಮರಿಯಯ್ನೋರ ಮುಂಗಡದಲ್ಲಿ," ಎಂದಳು ಉಷಾರಾಣಿ.

"ಟ್ಯಾಕ್ಸು?"

"ಹದಿನೆಂಟು. ಕೊಟ್ಟೆ."

ಜೀವಮಾನದಲ್ಲಿ ಮೊದಲ ಸಲ ಹದಿನೆಂಟು ಎಂಬ ಮಾತು ನನ್ನ ಕಿವಿಗೆ ಹಿತವಾಯಿತು. ಎಷ್ಟಾದರೂ ಹೆಂಡತಿ. ನನ್ನ ಭುಜ ನೋಡಿ ಕರುಳು ಚುರುಕ್ಕೆಂದಿರಬೇಕು. ಇನ್ನು ಕರೆಂಟ್ ಹೋದರೂ ಗ್ರೈಂಡರ್ ಓಡುತ್ತದೆ, ಮರಿಯಯ್ಯನಿಗೆ ಏನಾದರೂ ಹೇಳಿ ಒಪ್ಪಿಸಿದ್ದಾಳೆ, ನಾನು ಗೆದ್ದೆ. ರುದ್ರಸ್ವಾಮಿಯ ಬೆನ್ನು ತಟ್ಟಿ ನಾನೇ ಕಾಫಿ ತಂದುಕೊಟ್ಟೆ. ಆದರೆ ಅವನ ಆಳು ವೈರಿನ ಸುರುಳಿ ಹಿಡಿದು ಅಡುಗೆಮನೆಯನ್ನು ದಾಟಿ ಹಿತ್ತಿಲಿಗೆ ಹೋದ. ಒರಳಿನ ಮೇಲಿನ ಗೋಡೆಗೆ ಮೊಳೆ ಹೊಡೆಯತೊಡಗಿದ.

"ಗ್ರೈಂಡರಿನ ಪ್ಲಗ್ಗು ಅಡುಗೆಮನೇಲಿ ಅಲ್ವೇನೇ ಇರೋದು? ಇಲ್ಲಿಗ್ಯಾಕೆ ವೈರು?" ಎಂದೆ.

"ಫ್ಯಾನಿಗೆ ಕಣ್ರೀ," ಎಂದಳು ಉಷಾರಾಣಿ. "ಕರೆಂಟ್ ಹೋದ್ರೂ ನಿಮಗೆ ಗಾಳಿ ನಿಲ್ಲಬಾರ್ದು. ನಿಮ್ಮ ಬೆವರು ಹಿಟ್ಟಿಗೆ ಬಿದ್ರೆ ಮರಿಯಯ್ನೋರು ಆರ್ಡರ್ ವಾಪಸ್ ತಗೋತಾರೆ. ಹೂಂ, ಕೂತ್ಕೊಳಿ, ಉದ್ದು ನೆಂದದೆ."